ಇಂಗ್ಲಿಷ್ ಪ್ಲೇಟಿನ ಗಟ್ಟಿಮೇಳ

ಸೆಕೆಂಡ್ ಹ್ಯಾಂಡ್ ಸಾಮಾನು ಕೊಳ್ಳುವಾಗ ಸಾಮಾನನ್ನು ನೋಡಬಾರದು, ಮಾರುವವನ ಕಾಲನ್ನು ನೋಡಬೇಕು. ಕಾಲು ಬಾಗಿಲ ಕಡೆಗೆ ತಿರುಗಿದ್ದರೆ ಅವನಿಗೆ ಹೊರಡುವ ಅವಸರವಿದೆ ಎಂದು ಅರ್ಥ. ಅವಸರದವನ ಹತ್ತಿರ ನಿಧಾನವಾಗಿ ಮಾತಾಡಬೇಕು. ಇದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಸಾಗರದ ಪೇಟೆಯಲ್ಲಿ ಗೋಣಿಚೀಲ ಹಾಸಿ ಹಳೆ ಬೀಗ, ಹಳೆ ಲಾಟೀನು ಮಾರುತ್ತ ಶುರುಮಾಡಿ, ಕೊನೆಗೆ ಬಾಗಿಲಿರುವ ಅಂಗಡಿಯನ್ನೇ ಮಾಡಿಕೊಂಡ ನನ್ನ ತಲೆಯಲ್ಲಿ ಮಾತ್ರ ಇದೆ. ಕೇಳಿದವರಿಗೆ ಹೇಳುತ್ತೇನೆ. ಕೇಳದವರಿಗೂ ಹೇಳುತ್ತೇನೆ.

ಅರವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಶರಾವತಿ ಯೋಜನೆಯ ಕಾಲೊನಿಯಲ್ಲಿ ಯಂತ್ರ ಕೂರಿಸಲು ಪರದೇಶದಿಂದ ಬಂದಿದ್ದ ಸಾಹೇಬರೊಬ್ಬರು ಊರಿಗೆ ಹೊರಟಿದ್ದಾರೆ, ಮನೆ ಸಾಮಾನು ಮಾರುತ್ತಾರೆ ಎಂದು ತಿಳಿದು, ಒಂದು ಕಪಾಟು ತರೋಣವೆಂದು ಹೋದೆ. ಕಪಾಟು ಆಗಲೇ ಹೋಗಿತ್ತು. ಮೂಲೆಯಲ್ಲಿ ಕರೆಂಟಿನ ರೆಕಾರ್ಡ್ ಪ್ಲೇಯರ್ ಒಂದು ಕೂತಿತ್ತು. ಸಾಹೇಬರಿಗೆ ಕನ್ನಡ ಬಾರದು, ನನಗೆ ಇಂಗ್ಲಿಷ್ ಬಾರದು. ಹೀಗಾಗಿ ನಾನು ದನದ ಸಂತೆಯ ಕ್ರಮವನ್ನು ಹಿಡಿದೆ. ಹೆಗಲ ಮೇಲಿನ ಟವೆಲ್ಲನ್ನು ಇಬ್ಬರ ಕೈಯ ಮೇಲೂ ಹೊದಿಸಿ, ಅದರ ಅಡಿಯಲ್ಲಿ ಅವರ ಮೂರು ಬೆರಳು ಹಿಡಿದೆ. ಮೂರು ಬೆರಳಿನ ಬೆಲೆ ಎಂದು ಅರ್ಥ. ಸಾಹೇಬರು ಇದನ್ನು ನಮ್ಮ ಕಡೆಯ ಬೀಳ್ಕೊಡುವ ಶಾಸ್ತ್ರ ಎಂದುಕೊಂಡರೋ ಏನೋ, ನನ್ನ ಐದೂ ಬೆರಳು ಹಿಡಿದು ಬಲವಾಗಿ ಕುಲುಕಿದರು. ಐದು ಜಾಸ್ತಿಯಾಯಿತೆಂದು ನಾನು ಎರಡಕ್ಕೆ ಇಳಿದೆ. ಅವರ ಕಣ್ಣಲ್ಲಿ ನೀರು ಬಂತು. ಆ ನೀರಿಗೆ ನಾನೂ ಸ್ವಲ್ಪ ಕರಗಿ ಮತ್ತೆ ಮೂರಕ್ಕೆ ಬಂದೆ. ವ್ಯಾಪಾರ ಮುಗಿಯಿತು. ಮೇಲಿಂದ ಹದಿನಾಲ್ಕು ದೊಡ್ಡ ಹಾಡಿನ ಪ್ಲೇಟುಗಳಿದ್ದ ಪೆಟ್ಟಿಗೆಯನ್ನು ಅವರೇ ನನ್ನ ತೋಳಿಗೆ ಇಟ್ಟು ಬೆನ್ನು ತಟ್ಟಿದರು.

“ಕಪಾಟು ತರ್ತೀನಿ ಅಂತ ಹೋದವ್ರು ಎಂತದು ಹೊತ್ಕಂಡು ಬಂದ್ರಿ?” ಎಂದಳು ಹೆಂಡತಿ ಪದ್ಮ.

“ಸಂಗೀತ,” ಎಂದೆ.

“ಬಟ್ಟೆ ಅದ್ರೊಳಗೆ ಇಡ್ಲಿಕ್ಕಾಗ್ತದಾ?”

ಅದರಿಂದ ಮುಂದೆ ಒಂದು ದೊಡ್ಡ ಯೋಜನೆ ಮೊಳೆಯಲಿದೆ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನನ್ನ ತಂಗಿ ಲಲಿತೆಗೆ ಮದುವೆ ಗೊತ್ತಾಗಿತ್ತು. ಅಪ್ಪ, ಅಮ್ಮ ಇಲ್ಲದ ಹುಡುಗಿ. ನಾನೇ ಸಾಕಿದವನು. ಹಿಂದೆ ಎರಡು ಸಂಬಂಧಗಳು ಜಗಲಿಯ ತನಕ ಬಂದು ತಿರುಗಿ ಹೋಗಿದ್ದವು. ಎರಡು ಸಲವೂ ನಾನು ಚೌಕಾಶಿ ಮಾಡಿದ್ದೆ. ಮೂರನೆಯದು ಬಂದಾಗ ಲಲಿತೆ ಅಡುಗೆಮನೆಯಿಂದ ಬಂದು ನನ್ನ ಎದುರು ನಿಂತು, “ಅಣ್ಣಾ, ಈ ಸಲ ನೀನು ಬಾಯಿ ಬಿಡ್ಬೇಡ. ಈ ಹುಡುಗ ನಂಗೆ ಅಡ್ಡಿಲ್ಲ,” ಎಂದಳು. ನಮ್ಮ ಕಡೆಯ ಹುಡುಗಿ ‘ಅಡ್ಡಿಲ್ಲ’ ಎಂದರೆ ಅದಕ್ಕಿಂತ ದೊಡ್ಡ ಒಪ್ಪಿಗೆ ಬೇರೆ ಇಲ್ಲ. ನಾನು ಬಾಯಿ ಮುಚ್ಚಿದೆ.

ಹುಡುಗ ಶ್ರೀಧರ, ತೀರ್ಥಹಳ್ಳಿಯಲ್ಲಿ ಗಣಿತದ ಮೇಷ್ಟ್ರು. ಅವನ ತಂದೆ ವೆಂಕಪ್ಪಯ್ಯನವರು ತಾಳಮದ್ದಳೆ ಕೂಟಗಳಲ್ಲಿ ಮದ್ದಳೆ ಬಾರಿಸಿ ಹೆಸರಾದವರು. ಮಾತುಕತೆಯ ದಿನ ಅವರು ಹೇಳಿದ್ದು ಒಂದೇ.

“ವರದಕ್ಷಿಣೆ ಬ್ಯಾಡ, ಉಂಗುರ ಬ್ಯಾಡ. ವಾಲಗ ಒಂದು ಚಂದ ಇರ್ಲಿ ಗಣಪಣ್ಣ. ತಾಳಿ ಕಟ್ಟೋ ಹೊತ್ತಿಗೆ ಗಟ್ಟಿಮೇಳ ಸೊರಗಿದ್ರೆ ನಂಗೆ ಮದುವೆ ಆದಂಗೇ ಅಲ್ಲ.”

ಇಂಥ ಬೀಗರು ಏಳು ಜನ್ಮಕ್ಕೆ ಒಮ್ಮೆ ಸಿಗುತ್ತಾರೆ. ನಾನು ಮಾಡಬೇಕಾದದ್ದು ಇಷ್ಟೆ: ಒಳ್ಳೆ ವಾಲಗದವರನ್ನು ಕರೆಸುವುದು. ಸಾಗರಕ್ಕೂ ತೀರ್ಥಹಳ್ಳಿಗೂ ನಡುವೆ ಬೀಳುತ್ತದೆಂದು ಹೊಸನಗರದ ಒಂದು ಛತ್ರವನ್ನು ಗೊತ್ತುಮಾಡಿದೆವು. ಅದೇ ಊರಿನಲ್ಲಿ ಡೋಲು ಹಿರಿಯಣ್ಣನ ಮೇಳವಿತ್ತು. ಹೋದೆ. ಬಾಯಿ ಬಿಡಬೇಡ ಎಂದು ತಂಗಿ ಹೇಳಿದ್ದು ಸಂಬಂಧದ ವಿಷಯದಲ್ಲಿ. ವಾಲಗದ ವಿಷಯದಲ್ಲಿ ಹೇಳಿರಲಿಲ್ಲ. ಹಿರಿಯಣ್ಣ ಒಂದು ಬೆಲೆ ಹೇಳಿದ, ನಾನು ಅದರ ಅರ್ಧ ಹೇಳಿದೆ. ಅವನು ಸ್ವಲ್ಪ ಇಳಿದ. ನಾನು ಅವನ ಕಾಲು ನೋಡಿದೆ. ಕಾಲು ಬಾಗಿಲ ಕಡೆಗಿತ್ತು. ಅವಸರವಿದೆ ಎಂದು ತಿಳಿದು ಇನ್ನೂ ನಿಧಾನ ಮಾಡಿದೆ. ಅವಸರ ಯಾಕಿತ್ತೆಂದರೆ ಅದೇ ಮುಹೂರ್ತಕ್ಕೆ ಇನ್ನೊಂದು ಮದುವೆಯವರು ಹೊರಗೆ ಕಾದು ನಿಂತಿದ್ದರು.

“ಆಗ್ಲಿ ಗಣಪಣ್ಣ,” ಎಂದು ಹಿರಿಯಣ್ಣ ಎದ್ದ. “ನಿಮ್ಮನೆ ಮದುವೆಗೆ ನೀವು ಪ್ಲೇಟ್ ಹಾಕ್ಕಳಿ.”

ಅವನು ಹಂಗಿಸಿದ್ದು. ನಾನು ಅದನ್ನು ಸಲಹೆಯಾಗಿ ಸ್ವೀಕರಿಸಿದೆ.

ಸಲಹೆ ಕೊಡುವವನಿಗೆ ಸಲಹೆ ತಗೊಳ್ಳಲೂ ಬರಬೇಕು. ಮನೆಗೆ ಬಂದವನೇ ಪೆಟ್ಟಿಗೆ ಬಿಚ್ಚಿ ಪ್ಲೇಯರನ್ನು ಮೇಜಿನ ಮೇಲಿಟ್ಟೆ. ಅದರ ಮೂಲೆಯಲ್ಲಿ ಒಂದು ಹಿಡಿ, ಹಿಡಿಯ ಪಕ್ಕದಲ್ಲಿ ಹದಿನಾರು, ಮೂವತ್ತಮೂರು, ನಲವತ್ತೈದು, ಎಪ್ಪತ್ತೆಂಟು ಎಂಬ ನಾಲ್ಕು ಅಂಕಿಗಳು. ಹಿಡಿ ಮೂವತ್ತಮೂರರ ಮೇಲೆ ಇತ್ತು. ನನಗೆ ಸಾಹೇಬರ ಮೇಲೆ ಮರುಕ ಹುಟ್ಟಿತು. ಎಪ್ಪತ್ತೆಂಟರ ತನಕ ಹೋಗುವ ಯಂತ್ರವನ್ನು ಅರ್ಧಕ್ಕೂ ಕಡಿಮೆಯಲ್ಲಿ ಓಡಿಸಿದ್ದಾರಲ್ಲ. ಬೆಲೆ ಕೊಟ್ಟು ಕೊಂಡ ಮೇಲೆ ಪೂರ್ತಿ ಬಳಸಬೇಕು. ಹಿಡಿಯನ್ನು ಎಪ್ಪತ್ತೆಂಟಕ್ಕೆ ತಳ್ಳಿದೆ.

ಆ ವಾರದ ಮಧ್ಯಾಹ್ನಗಳಲ್ಲಿ ಅಂಗಡಿ ಬಾಗಿಲು ಎಳೆದು ಮನೆಗೆ ಬಂದು, ನಾನೂ ಪದ್ಮಳೂ ಹದಿನಾಲ್ಕು ಪ್ಲೇಟುಗಳನ್ನೂ ಕೇಳಿದೆವು. ಪಾಶ್ಚಾತ್ಯ ಸಂಗೀತದ ಬಗ್ಗೆ ಸಾಗರ ತಾಲ್ಲೂಕಿನಲ್ಲಿ ಅಷ್ಟು ಶ್ರದ್ಧೆಯಿಂದ ಅಭಿಪ್ರಾಯ ರೂಪಿಸಿಕೊಂಡವರು ಬೇರೆ ಯಾರೂ ಇರಲಾರರು. ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟುಕೊಂಡೆ.

ಮೊದಲನೆಯದರ ರಟ್ಟಿನ ಮೇಲೆ ಒಂದೇ ಥರದ ಕೋಟು ಹಾಕಿದ ನಾಲ್ವರು ಹುಡುಗರು. ಕೂದಲು ಕಣ್ಣಿನ ತನಕ. ಬಸ್ಸು ತಪ್ಪಿಹೋಗುತ್ತದೆ ಎಂಬಂತೆ ಹಾಡುತ್ತಾರೆ. “ಇವ್ರಿಗೆ ಎಂತ ಅವಸರ?” ಎಂದು ಪದ್ಮ ಕೇಳಿದಳು. “ಕ್ಷೌರಕ್ಕೆ ಹೋಗ್ಬೇಕಲ್ಲ,” ಎಂದೆ. ದಿಬ್ಬಣ ಬರಮಾಡಿಕೊಳ್ಳಲು ಇದೇ ಸರಿ ಎಂದು ಬರೆದೆ.

ಇನ್ನೊಂದರಲ್ಲಿ ಒಬ್ಬನೇ ಮನುಷ್ಯ, ಕೈಯಲ್ಲಿ ಗಿಟಾರು, ಕತ್ತಿಗೆ ಕಟ್ಟಿದ ಬಾಯಿವಾದ್ಯ. ತಗಡಿನ ಡಬ್ಬಿಯಲ್ಲಿ ಸಿಕ್ಕಿಬಿದ್ದ ಸೊಳ್ಳೆಯಂಥ ಧ್ವನಿ. ಉಸಿರು ಬಿಡದೆ ಯಾರನ್ನೋ ಬೈಯುತ್ತಿದ್ದ. ನನ್ನ ಅಭಿಪ್ರಾಯದಲ್ಲಿ ಅದು ಹಾಡಲ್ಲ, ಬೇಲಿಯ ತಕರಾರು. ಮದುವೆಗೆ ಬೇಡ. ಮಿರಿಮಿರಿ ಸೀರೆಯಂಥದ್ದನ್ನು ಉಟ್ಟ ಮೂವರು ಹೆಂಗಸರ ಪ್ಲೇಟು ಕಣಜಕ್ಕೆ ನುಗ್ಗಿದ ಗುಬ್ಬಿಗಳ ಹಾಗೆ ಕೇಳಿಸಿತು. ಆರತಿಗೆ ಆದೀತು. ಒಂದರಲ್ಲಿ ಮಧ್ಯೆ ನಮ್ಮ ಸಿತಾರಿನ ಸದ್ದು ಬಂದು ಇಬ್ಬರಿಗೂ ಹೆಮ್ಮೆಯಾಯಿತು, ಆದರೆ ಬಾರಿಸಿದವನಿಗೆ ಇರುವೆ ಹತ್ತಿದಂತಿತ್ತು. ಮತ್ತೊಂದರ ರಟ್ಟಿನ ಮೇಲೆ ಚಿತ್ರವೇ ಇಲ್ಲ, ಬಣ್ಣ ಚೆಲ್ಲಿದ ಕಲೆ ಮಾತ್ರ. ಒಳಗೂ ಅಷ್ಟೆ. ಅಕ್ಕಿ ಗಿರಣಿಗೆ ಕಲ್ಲು ಸಿಕ್ಕಿದರೆ ಬರುವ ಸದ್ದು. ಸಾಹೇಬರು ಹಾಳಾದ ಪ್ಲೇಟನ್ನು ನನಗೆ ದಾಟಿಸಿದರು ಎಂದು ಬೇಜಾರಾಯಿತು. ಒಬ್ಬ ಹೆಂಗಸು ಮಾತ್ರ ಬಹಳ ಲವಲವಿಕೆಯಿಂದ ಹಾಡಿದ್ದಳು. ಊಟದ ಹೊತ್ತಿಗೆ ಎಂದು ಗುರುತು ಹಾಕಿದೆ.

ಕೊನೆಗೆ ಸಿಕ್ಕಿತು ನಾನು ಹುಡುಕುತ್ತಿದ್ದದ್ದು. ರಟ್ಟಿನ ಮೇಲೆ ಒಬ್ಬ ಧಡಿಯ, ಅವನ ಸುತ್ತ ದೊಡ್ಡದು ಸಣ್ಣದು ಸೇರಿ ಏಳು ಡೋಲು, ಮೇಲೆ ನಾಲ್ಕು ಜಾಗಟೆ. ಹಿರಿಯಣ್ಣನಿಗೆ ಇರುವುದು ಒಂದು ಡೋಲು. ಎರಡನೆಯ ಹಾಡಿನ ನಡುವೆ ಇವನು ಎಲ್ಲವನ್ನೂ ಒಟ್ಟಿಗೆ ಬಡಿಯುತ್ತಾನೆ ನೋಡಿ, ಎಂಥ ಗಟ್ಟಿಮೇಳ. ಪದ್ಮಳ ಕೈಯಿಂದ ಸೌಟು ಬಿತ್ತು. ಸೂಜಿ ಇಡುವ ಜಾಗ ತಪ್ಪಬಾರದೆಂದು, ಎಲೆಅಡಿಕೆ ಪೆಟ್ಟಿಗೆಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಪ್ಲೇಟಿನ ಮೇಲೆ ಸರಿಯಾಗಿ ಆ ಜಾಗಕ್ಕೆ ಒಂದು ಬೊಟ್ಟು ಇಟ್ಟೆ.

“ನಂಗ್ಯಾಕೋ ಹೆದ್ರಿಕೆ,” ಎಂದಳು ಪದ್ಮ. “ಹಿರಿಯಣ್ಣನ ಕಾಲು ಹಿಡ್ಕಂಡು ಕರ್ಕಬನ್ನಿ.”

“ಲಲಿತೆಯ ಮದುವೆ ಇಡೀ ಜಿಲ್ಲೆ ನೆನಪಿಡಬೇಕು,” ಎಂದೆ.

ಆ ಮಾತು ನಿಜವಾಯಿತು.

ಮದುವೆಯ ದಿನ ಮೈಕಿನ ಉಸ್ತುವಾರಿ ನಮ್ಮ ಪಕ್ಕದ ಅಂಗಡಿಯ ಟೈಲರ್ ಇನಾಸನದು. ಅವನ ಹತ್ತಿರ ಇಗರ್ಜಿಯ ಕ್ರಿಸ್‌ಮಸ್ ಹಬ್ಬಕ್ಕೆ ಬಳಸುವ ಒಂದು ಮೈಕ್ ಸೆಟ್ಟು ಇತ್ತು. ಲಲಿತೆಯ ಮದುವೆ ಎಂದು ತಾನಾಗಿಯೇ ಹೊತ್ತು ತಂದಿದ್ದ. ಛತ್ರದ ಎದುರಿನ ಹಲಸಿನ ಮರಕ್ಕೆ ಎರಡು ಸ್ಪೀಕರ್ ಕಹಳೆ ಕಟ್ಟಿ, ಪ್ಲೇಯರಿಗೆ ತಂತಿ ಸೇರಿಸಿ ತಯಾರಾದ.

ದಿಬ್ಬಣದ ಬಸ್ಸು ಬಂದು ರಸ್ತೆಯ ಮೇಲೆ ನಿಂತಿತು. ನಾನೇ ಮೊದಲ ಪ್ಲೇಟು ಹಾಕಿದೆ. ಬಸ್ಸಿನಿಂದ ಛತ್ರಕ್ಕೆ ನೂರು ಹೆಜ್ಜೆ. ವಾಲಗದ ಗತ್ತಿಗೆ ಹೆಜ್ಜೆ ಹಾಕುವುದು ನಮ್ಮ ಜನರ ರಕ್ತದಲ್ಲಿದೆ. ಆ ನಾಲ್ವರು ಹುಡುಗರು ಎಪ್ಪತ್ತೆಂಟರ ವೇಗದಲ್ಲಿ ಶುರುಮಾಡಿದ್ದೇ ತಡ, ದಿಬ್ಬಣದ ಕಾಲುಗಳು ತಾವಾಗಿಯೇ ಚುರುಕಾದವು. ಮೊದಲು ಬೇಗ ನಡೆದರು. ಆಮೇಲೆ ಓಡಿದರು. ಕಲಶ ಹಿಡಿದ ಹೆಂಗಸರು ನೀರು ಚೆಲ್ಲುತ್ತ ಓಡಿದರು. ಮದುಮಗ ಬಾಸಿಂಗ ಹಿಡಿದುಕೊಂಡು ಓಡಿದ. ಕಾಲು ತೊಳೆಯಲು ಚೆಂಬು ಹಿಡಿದು ನಿಂತಿದ್ದ ನನ್ನನ್ನು ದಾಟಿ ಎಲ್ಲರೂ ಒಳಗೆ ಹೋಗಿಬಿಟ್ಟರು.

ಹುಡುಗನ ಸೋದರತ್ತೆ ಪುಟ್ಟಮ್ಮ ಕಂಬ ಹಿಡಿದು ಏದುಸಿರು ಬಿಡುತ್ತ, “ಎಂತದ್ರಾ ಇದು, ಹಿಂದೆ ಹುಲಿ ಬಂದಿತ್ತಾ?” ಎಂದರು.

ವೆಂಕಪ್ಪಯ್ಯನವರು ಹಲಸಿನ ಮರ ನೋಡಿದರು, ನನ್ನನ್ನು ನೋಡಿದರು. “ವಾಲಗದವ್ರು ಎಲ್ಲಿ ಗಣಪಣ್ಣ?”

“ಇದ್ದಾರೆ, ಇದ್ದಾರೆ,” ಎಂದು ನಾನು ಮಂಟಪದ ಕಡೆ ಸರಿದೆ. ನನ್ನ ಸಲಹೆ: ಉತ್ತರ ಇಲ್ಲದಿದ್ದಾಗ ಎರಡು ಸಲ ಹೇಳಬೇಕು.

ಮುಂದಿನದೆಲ್ಲ ನಾನು ಮಣೆಯ ಮೇಲೆ ಕೂತೇ ಅನುಭವಿಸಿದ್ದು. ಅಪ್ಪನಿಲ್ಲದ್ದರಿಂದ ಧಾರೆ ಎರೆಯಬೇಕಾದವನು ನಾನು. ಭಟ್ಟರು ನನ್ನನ್ನೂ ಪದ್ಮಳನ್ನೂ ಕೂರಿಸಿ, ತಾಳಿ ಕಟ್ಟಿ ಮುಗಿಯುವ ತನಕ ಏಳಬಾರದು ಎಂದು ಕಟ್ಟುನಿಟ್ಟು ಮಾಡಿದ್ದರು. ಇನಾಸನಿಗೆ ಎಲ್ಲ ಹೇಳಿಕೊಟ್ಟಿದ್ದೆ: ಭಟ್ಟರು ಬೆರಳು ಎತ್ತಿದ ಕೂಡಲೇ ಸೂಜಿಯನ್ನು ಸುಣ್ಣದ ಬೊಟ್ಟಿನ ಪಕ್ಕಕ್ಕೆ ಇಡು. ಉಳಿದದ್ದು ಏಳು ಡೋಲಿನವನು ನೋಡಿಕೊಳ್ಳುತ್ತಾನೆ.

ಇನಾಸ ಒಳ್ಳೆಯ ಮನುಷ್ಯ. ಇಂಗ್ಲಿಷ್ ಅಕ್ಷರ ಬಲ್ಲವನು. ಪುರುಸೊತ್ತಿನಲ್ಲಿ ಪ್ಲೇಟಿನ ನಡುವಿನ ಚೀಟಿ ಓದಿದ. ಅದರಲ್ಲಿ ಸುತ್ತುವ ವೇಗ ಮೂವತ್ತಮೂರು ಎಂದಿತ್ತು. ಹಿಡಿ ಎಪ್ಪತ್ತೆಂಟರಲ್ಲಿತ್ತು. ಪಾಪ, ಗಣಪಣ್ಣನಿಗೆ ಮಂಟಪದಿಂದ ಎದ್ದು ಬರಲಾಗುವುದಿಲ್ಲ, ತಾನೇ ಸರಿಮಾಡೋಣ ಎಂದು ಹಿಡಿಯನ್ನು ಮೂವತ್ತಮೂರಕ್ಕೆ ಎಳೆದ.

ಅಂತರಪಟ ಸರಿಯಿತು. ಜೀರಿಗೆ ಬೆಲ್ಲ ಬಿತ್ತು. ಲಲಿತೆ ತಲೆ ತಗ್ಗಿಸಿದಳು, ಶ್ರೀಧರ ತಾಳಿ ಎತ್ತಿದ. ಭಟ್ಟರು ಬೆರಳು ಎತ್ತಿ “ಗಟ್ಟಿಮೇಳ, ಗಟ್ಟಿಮೇಳ” ಎಂದರು.

ಹಲಸಿನ ಮರದಿಂದ ಬಂತು: ಧೊಂ.

ಬಹಳ ಹೊತ್ತು ಏನೂ ಇಲ್ಲ.

ಮತ್ತೆ: ಧೊಂ.

ಇಡೀ ಹೊಸನಗರಕ್ಕೆ ಕೇಳುವಂತೆ, ಕೆಸರಿನಲ್ಲಿ ಎಮ್ಮೆ ನಡೆದ ಹಾಗೆ, ಯಾರದೋ ಕೊನೆಯ ಯಾತ್ರೆ ಹೊರಟ ಹಾಗೆ. ಹಿಂದಿನಿಂದ ಒಬ್ಬ ಗಂಡಸು ಹೊಟ್ಟೆಯಾಳದಿಂದ “ಆಆಆ” ಎಂದು ನರಳಿದ. ನಾನು ಅವನನ್ನು ಹಿಂದೆ ಕೇಳಿದ್ದೆ, ಆಗ ಅವನು ಗಿಳಿಯ ಹಾಗೆ ಕಿರುಚಿದ್ದ. ಅಷ್ಟರಲ್ಲಿ ಸೂಜಿಗೆ ನನ್ನ ಸುಣ್ಣದ ಬೊಟ್ಟು ಸಿಕ್ಕಿತು. ಒಣಗಿ ಕಲ್ಲಾಗಿತ್ತು ಅದು. ಸೂಜಿ ಅದನ್ನು ದಾಟಲಾರದೆ ಹಿಂದಕ್ಕೆ ಜಾರಿತು. ಧೊಂ, ಧೊಂ, ಆಆಆ. ಮತ್ತೆ ಧೊಂ, ಧೊಂ, ಆಆಆ.

“ಅವ್ನಿಗೆ ಗಂಟಲಿಗೆ ಎಂತೋ ಸಿಕ್ಕಂಡದೆ, ಯಾರಾದ್ರೂ ನೀರು ಕೊಡಿ,” ಎಂದರು ಪುಟ್ಟಮ್ಮ. ಅವರ ಪಕ್ಕದ ಹೆಂಗಸು ‘ಅಪಶಕುನ’ ಎಂದದ್ದು ನನಗೆ ಕೇಳಿತು. ನನಗೆ ಕೇಳಿತು ಎಂದರೆ ಲಲಿತೆಗೂ ಕೇಳಿತು. ಶ್ರೀಧರನ ಕೈ ಗಾಳಿಯಲ್ಲಿ ನಿಂತಿತ್ತು. ಗಟ್ಟಿಮೇಳವಿಲ್ಲದೆ ಕಟ್ಟಬಾರದು ಎಂದು ಭಟ್ಟರು ಅವನ ಮಣಿಕಟ್ಟು ಹಿಡಿದಿದ್ದರು. “ಮುಹೂರ್ತ ಮೀರ್ತದೆ, ಎಂತಾದ್ರೂ ಮಾಡ್ರೋ,” ಎಂದರು.

ಪದ್ಮ ಮುಂದೆ ನೋಡುತ್ತಲೇ ಮೆಲ್ಲಗೆ, “ಕಪಾಟು ಆಗಿದ್ರೆ ಸುಮ್ನಿರ್ತಿತ್ತು,” ಎಂದಳು.

ನಾನು ಏನು ಮಾಡಲಿ? ಧಾರೆಯ ಕೈ ಒದ್ದೆ, ಏಳುವ ಹಾಗಿಲ್ಲ. ಜೀವಮಾನದಲ್ಲಿ ಮೊದಲ ಸಲ ನನ್ನ ಹತ್ತಿರ ಯಾರಿಗೂ ಕೊಡಲು ಸಲಹೆ ಇರಲಿಲ್ಲ. ತಂಗಿಯ ಕಣ್ಣಿನಿಂದ ಒಂದು ಹನಿ ಮಡಿಲಿನ ಅಕ್ಕಿಯ ಮೇಲೆ ಬಿದ್ದದ್ದನ್ನು ಮಾತ್ರ ನೋಡಿದೆ.

ಆಗ ವೆಂಕಪ್ಪಯ್ಯನವರು ಎದ್ದರು. ಮಗನನ್ನು ಎಬ್ಬಿಸಿಕೊಂಡು ಹೋಗುತ್ತಾರೆ ಎಂದೇ ನಾನು ತಿಳಿದೆ. ಅವರು ಹೋದದ್ದು ಗೋಡೆಯ ಮೂಲೆಗೆ. ಊಟವಾದ ಮೇಲೆ ತಾಳಮದ್ದಳೆ ಇಟ್ಟುಕೊಂಡಿದ್ದರಿಂದ ಅವರ ಮದ್ದಳೆ ಗವಸಿನೊಳಗೆ ಅಲ್ಲೇ ಕೂತಿತ್ತು. ಗವಸು ಎಳೆದು ಬಿಸಾಕಿ, ಮಂಟಪದ ಎದುರೇ ಚಕ್ಕಳಮಕ್ಕಳ ಹಾಕಿ, ಮದ್ದಳೆಯನ್ನು ಮಡಿಲಿಗೆ ಎಳೆದುಕೊಂಡರು.

“ಓ ಟೈಲರೇ, ಆ ಮೈಕು ಇಲ್ಲಿ ತಗಂಬನ್ನಿ. ಆ ನರಳೋನನ್ನ ಒಂಚೂರು ಓಡ್ಸಿ.”

ಇನಾಸ ಒಂದು ಕೈಯಲ್ಲಿ ಮೈಕು ಹಿಡಿದು, ಇನ್ನೊಂದು ಕೈಯಲ್ಲಿ ಹಿಡಿಯನ್ನು ಗಾಬರಿಯಿಂದ ಎಪ್ಪತ್ತೆಂಟಕ್ಕೆ ತಳ್ಳಿದ. ಸೂಜಿ ಸುಣ್ಣಕ್ಕೆ ಸಿಕ್ಕಿಯೇ ಇತ್ತು. ಏಳು ಡೋಲಿನವನು ಅದೇ ಜಾಗದಲ್ಲಿ ಗರಗರ ಸುತ್ತತೊಡಗಿದ. ಧೊಂಧೊಂಧಾ, ಧೊಂಧೊಂಧಾ. ಒಂದಿಷ್ಟೂ ತಪ್ಪದ ತಾಳ. ವೆಂಕಪ್ಪಯ್ಯನವರು ಒಂದು ಕ್ಷಣ ಕಿವಿ ಕೊಟ್ಟರು. ಅವರ ಹುಬ್ಬು ಮೇಲೆದ್ದಿತು. ಬೆರಳುಗಳು ಮದ್ದಳೆಯ ಮೇಲೆ ಇಳಿದವು.

ಆಮೇಲಿನದನ್ನು ಹೇಳುವುದು ಹೇಗೆ? ಆ ಇಂಗ್ಲಿಷಿನವನು ತಾಳ ಹಿಡಿದ, ಬೀಗರು ಅದರ ಮೇಲೆ ಮದ್ದಳೆ ಹರಿಸಿದರು. ಒಳಗಿನಿಂದ ಅಡುಗೆ ಭಟ್ಟರು ಬಂದು ಸಾರಿನ ಕೊಪ್ಪರಿಗೆಗೆ ಎರಡು ಸೌಟಿನಿಂದ ಬಾರಿಸಿದರು. ಪುಟ್ಟಮ್ಮ ಆರತಿಯ ಹರಿವಾಣವನ್ನೇ ಜಾಗಟೆ ಮಾಡಿಕೊಂಡರು. ಅಂಥ ಗಟ್ಟಿಮೇಳದ ನಡುವೆ ಶ್ರೀಧರ ಮೂರು ಗಂಟು ಹಾಕಿದ. ನಾನು ಅಕ್ಷತೆ ಎಸೆಯುವುದನ್ನೂ ಮರೆತು ಅತ್ತುಬಿಟ್ಟೆ. ಪದ್ಮ ನನ್ನ ಮುಷ್ಟಿ ಬಿಡಿಸಿ ಅಕ್ಷತೆಯನ್ನು ತಾನೇ ಹಾಕಿದಳು.

ಮೇಳ ನಿಲ್ಲಿಸುವುದೇ ಕಷ್ಟವಾಯಿತು. ಪ್ಲೇಟಿಗೆ ದಾಟಲು ಆಗುತ್ತಿರಲಿಲ್ಲ, ಬೀಗರಿಗೆ ಬಿಡಲು ಮನಸ್ಸಿರಲಿಲ್ಲ. “ತಾಳಿ ಕಟ್ಟಿ ಆತು ವೆಂಕಪ್ಪಯ್ಯ, ಸಾಕು ಮಾಡಿ,” ಎಂದು ಭಟ್ಟರು ಮೂರು ಸಲ ಕೂಗಿದರು. ಕಡೆಗೆ ಇನಾಸ ತಂತಿ ಕಿತ್ತ.

ನಾನು ಮಣೆ ಬಿಟ್ಟು ಎದ್ದವನೇ ಬೀಗರ ಎದುರು ನಿಂತೆ. “ತಪ್ಪಾಯ್ತು. ವಾಲಗದವನ ಹತ್ರ ಚೌಕಾಶಿ ಮಾಡಿ ಕಳಕೊಂಡೆ. ನಿಮ್ಮಿಂದ ನನ್ನ ತಂಗಿ ಮದುವೆ ಆಯ್ತು.”

ಅವರು ಹಣೆಯ ಬೆವರು ಒರೆಸಿಕೊಂಡರು. “ನಾನು ಕೇಳಿದ್ದು ಒಂದೇ ಅಲ್ದಾ ಗಣಪಣ್ಣ? ಗಟ್ಟಿಮೇಳ ಚಂದ ಇರ್ಬೇಕು ಅಂತ. ಚಂದ ಆತು. ಐವತ್ತು ವರ್ಷದಿಂದ ಊರವರ ಮಕ್ಕಳ ಮದುವೇಲಿ ಕೂತು ಕೇಳಿದ್ದೆ, ನನ್ನ ಮಗನ ಮದುವೇಲಿ ನಾನೇ ಬಾರಿಸಿದೆ. ಯಾವ ಅಪ್ಪನಿಗೆ ಸಿಕ್ತದೆ?” ಆಮೇಲೆ ಗುಟ್ಟಿನ ಧ್ವನಿಯಲ್ಲಿ, “ಆ ಜತೆಗಾರ ಯಾವ ಊರಿನವನು? ಒಳ್ಳೆ ಕೈ. ಒಂದೇ ಕಡೆ ಸಿಕ್ಕಾಕ್ಕಳ್ತಾನೆ ಅಷ್ಟೆ.”

ಊಟವಾದ ಮೇಲೆ ಇನಾಸ ಉಳಿದ ಪ್ಲೇಟುಗಳನ್ನು ಮೂವತ್ತಮೂರರಲ್ಲಿ ಹಾಕಿದ. ಕ್ಯಾಲೆಂಡರಿನ ಹಿಂದೆ ಬರೆದಿದ್ದ ನನ್ನ ಅಭಿಪ್ರಾಯಗಳನ್ನು ಒಂದೊಂದಾಗಿ ಹೊಡೆದುಹಾಕುತ್ತ ಬಂದೆ. ನಾಲ್ವರು ಹುಡುಗರಿಗೆ ಅವಸರವೇ ಇರಲಿಲ್ಲ, ಜತೆಯಾಗಿ ಹಾಡುವ ಖುಷಿ ಇತ್ತು. ಸಿತಾರಿಗೆ ಹತ್ತಿದ್ದ ಇರುವೆ ಇಳಿದಿತ್ತು. ಬೇಲಿಯ ತಕರಾರಿನವನು ಯಾರನ್ನೂ ಬೈಯುತ್ತಿರಲಿಲ್ಲ. ಒಬ್ಬ ಸ್ನೇಹಿತನನ್ನು ಕೂರಿಸಿಕೊಂಡು ಏನನ್ನೋ ಬಿಡಿಸಿ ಹೇಳುತ್ತಿದ್ದ.

“ಪಾಪ,” ಎಂದಳು ಪದ್ಮ. “ಎಷ್ಟು ಸಮಾಧಾನದಲ್ಲಿ ಹೇಳ್ತಾ ಇದ್ದ ಮನುಷ್ಯ. ನಾವೇ ಅವ್ನನ್ನ ಓಡ್ಸಿ ಓಡ್ಸಿ ಕೇಳಿದ್ವಿ.”

ಬಣ್ಣ ಚೆಲ್ಲಿದ ಪ್ಲೇಟು ಮಾತ್ರ ಮೂವತ್ತಮೂರರಲ್ಲೂ ಗಿರಣಿಯೇ. ಆ ಒಂದು ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ.

ಹೆಣ್ಣು ಒಪ್ಪಿಸುವ ಹೊತ್ತಿಗೆ ಇನಾಸ ನನ್ನ ‘ಲವಲವಿಕೆ’ಯ ಹೆಂಗಸಿನ ಪ್ಲೇಟು ಹಾಕಿದ್ದ. ಸರಿಯಾದ ವೇಗದಲ್ಲಿ ಅವಳು ಕರುಳು ಕಿತ್ತುಬರುವಂತೆ ಅಳುತ್ತಿದ್ದಳು. ಭಾಷೆ ಯಾರಿಗೆ ಬೇಕು? ಪುಟ್ಟಮ್ಮ ಅತ್ತರು, ಅಡುಗೆ ಭಟ್ಟರು ಅತ್ತರು. ಲಲಿತೆ ನನ್ನ ಕಾಲು ಮುಟ್ಟಿ, “ಅಣ್ಣಾ, ಅಡ್ಡಿಲ್ಲ ಬಿಡು,” ಎಂದಳು. ಬಸ್ಸು ಹತ್ತಿದಳು.

ತಿಂಗಳ ನಂತರ ತೀರ್ಥಹಳ್ಳಿಯಿಂದ ಅವಳ ಕಾಗದ ಬಂತು. ತಾನು ಸುಖವಾಗಿದ್ದೇನೆ. ಮಾವನವರು ಬಹಳ ಒಳ್ಳೆಯವರು. ಪ್ಲೇಯರ್ ಇರುವ ಮನೆಯೊಂದು ಬೀದಿಯಲ್ಲೇ ಇದೆ, ಆ ಡೋಲಿನ ಪ್ಲೇಟು ಸಿಕ್ಕಿದರೆ ದಿನಾ ಅದರ ಜತೆ ಮದ್ದಳೆ ಹಿಡಿದು ಕೂರಬೇಕು ಎಂದು ಮಾವನವರಿಗೆ ಆಸೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ: “ಅಣ್ಣಾ, ಪ್ಲೇಟು ಬಸ್ಸಿಗೆ ಕೊಟ್ಟು ಕಳಿಸು. ನೀನೇ ತರಬೇಡ. ನೀನು ಬಂದರೆ ಹೇಗೆ ಹಾಕಬೇಕೆಂದು ಹೇಳಿಕೊಡುತ್ತೀ ಅಂತ ಮಾವನಿಗೆ ಹೆದರಿಕೆ.”

ನನಗೆ ಕೊಂಚವೂ ಬೇಸರವಾಗಲಿಲ್ಲ. ಒಂದಲ್ಲ, ಹದಿನಾಲ್ಕನ್ನೂ ಕಟ್ಟಿದೆ. ಅಂಗಡಿ ಇಟ್ಟ ಮೇಲೆ ಏನನ್ನೂ ಕೇಳದೆ ಕೊಟ್ಟ ಮೊದಲ ಸಾಮಾನು ಅದು. ಜತೆಗೆ ಒಂದು ಚೀಟಿ ಬರೆದೆ. ಬೀಗರಿಗೆ ನಮಸ್ಕಾರ ಎಂದು ಶುರುಮಾಡಿ, ಪ್ಲೇಟುಗಳನ್ನು ಹೇಗೆ ಹಿಡಿಯಬೇಕು, ಎಲ್ಲಿ ಇಡಬೇಕು, ಯಾವ ಹೊತ್ತಿಗೆ ಯಾವುದು ಎಂದು ಎಂಟು ಸಲಹೆಗಳು.

ಪದ್ಮ ಕನ್ನಡಕ ಹಾಕಿಕೊಂಡು ಓದಿದಳು. ಕತ್ತರಿ ತಂದಳು. ‘ಬೀಗರಿಗೆ ನಮಸ್ಕಾರ’ ಎಂಬಲ್ಲಿಗೆ ಕತ್ತರಿಸಿ, ಅಷ್ಟನ್ನು ಮಾತ್ರ ಗಂಟಿನೊಳಗೆ ಇಟ್ಟು, ಬಸ್ ಸ್ಟ್ಯಾಂಡಿಗೆ ತಾನೇ ಹೊರಟಳು.